ಚೀನಾದ ಮಾಸ್ತರರು ಮತ್ತು ನನ್ನ ಲಟ್ಟಣಿಗೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಮಗಳಿಗೆ ನಾನು ಮೊದಲ ಸಲ ಹೊಡೆದದ್ದು ಅವಳಿಗೆ ಆರು ವರ್ಷವಿದ್ದಾಗ, ಲಂಡನ್ನಿನ ಕಿಂಗ್ಸ್‌ಬರಿಯ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ, ಚಪಾತಿ ಲಟ್ಟಿಸುತ್ತಿದ್ದ ಕೈಯಿಂದಲೇ. ಅವಳು ತಟ್ಟೆಯನ್ನು ಆಚೆ ತಳ್ಳಿ ಮುಖ ಸಿಂಡರಿಸಿದ್ದಳು. ಕೆನ್ನೆಯ ಮೇಲೆ ಹಿಟ್ಟಿನ ಐದು ಬೆರಳು ಮೂಡಿದವು. ಆ ಬಿಳಿ ಬೆರಳುಗಳನ್ನು ನೋಡಿ, ಅವಳು ಅಳುವ ಮೊದಲೇ ನಾನು ನಕ್ಕುಬಿಟ್ಟೆ. ಹೊಡೆದದ್ದಕ್ಕಿಂತ ಹಾಗೆ ನಕ್ಕದ್ದು ನನಗೆ ಇವತ್ತಿಗೂ ಹೆಚ್ಚು ನಾಚಿಕೆ ತರುತ್ತದೆ.

ಹೊಡೆತ ನನಗೆ ಹೊಸದಲ್ಲ. ಧಾರವಾಡದಲ್ಲಿ ನನ್ನ ಅಪ್ಪ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕರಾಗಿದ್ದರು. ಹಗಲು ಶಾಲೆಯಲ್ಲಿದ್ದ ಬೆತ್ತ ಸಂಜೆ ಅವರ ಜೊತೆ ಮನೆಗೆ ಬರುತ್ತಿತ್ತು. "ಇಕೀಗೆ ಸ್ವಲ್ಪ ಬುದ್ಧಿ ಕಲಸಬೇಕು" ಎಂದು ಅಪ್ಪ ಅಂಗಿಯ ತೋಳು ಮಡಚಿದರೆ ಅದು ಪಾಠದ ಮಾತಲ್ಲ ಎಂದು ಮನೆಯ ಬೆಕ್ಕಿಗೂ ಗೊತ್ತಾಗುತ್ತಿತ್ತು. ಬುದ್ಧಿ ಹೇಳುವುದು ಬೇರೆ, ಬುದ್ಧಿ ಕಲಿಸುವುದು ಬೇರೆ. ಹೇಳುವುದು ಬಾಯಿಯ ಕೆಲಸ, ಕಲಿಸುವುದು ಕೈಯ ಕೆಲಸ. ಶಿಕ್ಷಣ, ಶಿಕ್ಷೆ ಎರಡೂ ಒಂದೇ ಬೇರಿನ ಪದಗಳೆಂದು ಅಪ್ಪನೇ ನನಗೆ ವ್ಯಾಕರಣ ಹೇಳಿಕೊಡುವಾಗ ತೋರಿಸಿದ್ದರು. ಎರಡನ್ನೂ ಅವರು ಒಂದೇ ಬೆತ್ತದಲ್ಲಿ ಕೊಟ್ಟರು. ನಾನು ಬಿ.ಎ. ಪಾಸಾಗಿ, ಮದುವೆಯಾಗಿ, ಲಂಡನ್ನಿಗೆ ಬಂದು ನಾಲ್ಕು ಜನರ ಮುಂದೆ ಇಂಗ್ಲಿಷಿನಲ್ಲಿ ಮಾತಾಡುವಂತಾದದ್ದು ಆ ಬೆತ್ತದಿಂದಲೇ ಎಂದು ಗಟ್ಟಿಯಾಗಿ ನಂಬಿದ್ದೆ.

ನನ್ನ ಗಂಡ ನೆಲದಡಿಯ ಟ್ಯೂಬ್ ರೈಲಿನ ಸಿಗ್ನಲ್ ವಿಭಾಗದಲ್ಲಿ ತಂತ್ರಜ್ಞ. ಇರುವೆಯನ್ನೂ ತುಳಿಯದ ಮನುಷ್ಯ. ನಾನು ಮಗಳ ಮೇಲೆ ಕೈ ಎತ್ತಿದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು, "ಹಾಲು ತರ್ತೀನಿ" ಎಂದು ಹೊರಟುಬಿಡುತ್ತಿದ್ದ. ನಮ್ಮ ಫ್ರಿಜ್ಜಿನಲ್ಲಿ ಎಷ್ಟು ಬಾಟಲಿ ಹಾಲಿದೆ ಎಂದು ನೋಡಿದರೆ ಆ ವಾರ ಮನೆಯಲ್ಲಿ ಏನು ನಡೆದಿದೆ ಎಂದು ಯಾರು ಬೇಕಾದರೂ ಹೇಳಬಹುದಿತ್ತು. ವಾರಕ್ಕೆರಡು ಸಲ ನಾನು ಮೊಸರು ಹೆಪ್ಪು ಹಾಕುತ್ತಿದ್ದೆ. ಆದರೂ ಹಾಲು ಮಿಗುತ್ತಿತ್ತು.

ನಾನು ಎಜ್‌ವೇರಿನ ಒಂದು ಕನ್ನಡಕದ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಲ್ಲುತ್ತಿದ್ದೆ. ಅದರ ಜೊತೆಗೆ ಇಲ್ಲಿನ ನಗರಸಭೆ, ಅಂದರೆ ಕೌನ್ಸಿಲ್‌ನ ದುಭಾಷಿಗಳ ಪಟ್ಟಿಯಲ್ಲಿ ಕನ್ನಡಕ್ಕೆ ನನ್ನ ಹೆಸರಿತ್ತು. ಕನ್ನಡವಿಲ್ಲದ ದಿನ ಕನ್ನಡಕ ಎಂದು ಗಂಡ ತಮಾಷೆ ಮಾಡುತ್ತಿದ್ದ. ತಿಂಗಳಿಗೆ ಒಂದೋ ಎರಡೋ ಸಲ ಕರೆ ಬರುತ್ತಿತ್ತು. ಮಗನ ಮನೆಗೆ ಬಂದು ಕಾಯಿಲೆ ಬಿದ್ದ ವಿಜಯಪುರದ ಅಜ್ಜಿಯ ಜೊತೆ ಜಿ.ಪಿ. ಎಂಬ ಬಡಾವಣೆಯ ಡಾಕ್ಟರ ಬಳಿಗೆ ಹೋಗುವುದು, ಶಾಲೆಯವರು ಕರೆಸಿದ ತಂದೆತಾಯಿಯ ಜೊತೆ ಕೂರುವುದು, ಇಂಥದ್ದೇ ಕೆಲಸ. ಆ ಕೆಲಸದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಮಾತಾಡುವವನು "ನನ್ನ ಹೊಟ್ಟೆ ನೋಯುತ್ತಿದೆ" ಎಂದರೆ ದುಭಾಷಿಯೂ "ನನ್ನ ಹೊಟ್ಟೆ" ಎಂದೇ ಹೇಳಬೇಕು. "ಅವನ ಹೊಟ್ಟೆಯಂತೆ" ಎನ್ನುವ ಹಾಗಿಲ್ಲ. ಕೂಡಿಸುವಂತಿಲ್ಲ, ಕಳೆಯುವಂತಿಲ್ಲ, ಮೆತ್ತಗೆ ಮಾಡುವಂತಿಲ್ಲ. ನನ್ನಷ್ಟು ಕರಾರುವಾಕ್ಕಾಗಿ ಯಾರೂ ಹೇಳುವುದಿಲ್ಲ ಎಂದು ನನಗೆ ಜಂಬವಿತ್ತು.

ಒಂದು ಸಲ ಮಾತ್ರ ಆ ನಿಯಮ ಮುರಿದೆ. ಕಲಬುರಗಿ ಕಡೆಯ ಒಬ್ಬ ತಂದೆಯನ್ನು ಆತನ ಮಗಳ ಶಾಲೆಯವರು ಕರೆಸಿದ್ದರು. ಹುಡುಗಿಯ ತೋಳಿನ ಮೇಲೆ ಬಾಸುಂಡೆ ಕಂಡಿತ್ತು. ಆತ ನನ್ನ ಕಡೆ ತಿರುಗಿ, "ಎರಡ್ ಏಟು ಹಾಕೀನ್ರಿ ಅಕ್ಕಾರ, ಬುದ್ಧಿ ಬರ್ಲಿ ಅಂತ. ನೀವ ಹೇಳ್ರಿ, ನಮ್ಮ ಕಡಿ ಹಾಕಂಗಿಲ್ಲೇನು?" ಎಂದ. ಎದುರಿಗೆ ಕೂತ ಶಾಲೆಯ ಹೆಂಗಸು ಪೆನ್ನು ಹಿಡಿದು ಕಾಯುತ್ತಿದ್ದಳು. ನಾನು ಇಂಗ್ಲಿಷಿನಲ್ಲಿ, "ನಾನು ಅವಳಿಗೆ ಗಟ್ಟಿಯಾಗಿ ಬುದ್ಧಿ ಹೇಳಿದೆ" ಎಂದೆ. ಕೈಯ ಕೆಲಸವನ್ನು ಬಾಯಿಯ ಕೆಲಸ ಮಾಡಿಬಿಟ್ಟೆ. ಬಾಸುಂಡೆ ಆಟದಲ್ಲಿ ಆಗಿರಬಹುದು ಎಂದು ಅವರೇ ತೀರ್ಮಾನಿಸಿಕೊಂಡರು. ಹುಡುಗಿ ಅಪ್ಪನ ಹಿಂದೆ ಮನೆಗೆ ಹೋದಳು. ಆಮೇಲೆ ಅವಳಿಗೆ ಏನಾಯಿತೋ ನನಗೆ ಗೊತ್ತಿಲ್ಲ. ನಮ್ಮವರ ಮಾನ ಉಳಿಸಿದೆ ಎಂಬ ಖುಷಿಯಲ್ಲಿ ನಾನು ಬಸ್ ಹತ್ತಿದ್ದೆ.

ಚೀನಾದ ಮಾಸ್ತರರು ನನಗೆ ಸಿಕ್ಕಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಶನಿವಾರ ಬೆಳಿಗ್ಗೆ ಮಗಳನ್ನು ಕೊಲಿಂಡೇಲ್ ಹತ್ತಿರ ಈಜು ಕಲಿಯಲು ಬಿಡುತ್ತಿದ್ದೆ. ಅವಳು ಮುಗಿಸಿ ಬರುವವರೆಗೆ ಚಳಿಯಲ್ಲಿ ನಿಲ್ಲಲಾರದೆ ಪಕ್ಕದ ಲೈಬ್ರರಿಯೊಳಗೆ ಹೋದರೆ ಅಲ್ಲಿ ಹತ್ತು ಹನ್ನೆರಡು ಜನ ಮುದುಕ ಮುದುಕಿಯರಿಗೆ ಒಬ್ಬ ಹೆಂಗಸು ಪಾಠ ಮಾಡುತ್ತಿದ್ದರು. ಮಲೇಷ್ಯಾದಿಂದ ಬಂದ ಚೀನೀ ಮೂಲದವರು, ನಿವೃತ್ತ ಶಿಕ್ಷಕಿ, ಎಪ್ಪತ್ತು ದಾಟಿತ್ತು. ಕೊಲಿಂಡೇಲ್‌ನಲ್ಲಿ ಆಗ ಚೀನೀ, ಜಪಾನೀ ಅಂಗಡಿಗಳೆಲ್ಲ ಸೇರಿದ್ದ ದೊಡ್ಡ ಕಟ್ಟಡವೊಂದಿತ್ತು. ಅಲ್ಲಿಂದ ತಂದ ತರಕಾರಿಯ ಚೀಲ ಮೇಜಿನ ಮೇಲಿಟ್ಟುಕೊಂಡೇ ಪಾಠ ಶುರುಮಾಡುತ್ತಿದ್ದರು. ಹಳೆಯ ಚೀನಾದ ತತ್ವಜ್ಞಾನ ಅವರ ವಿಷಯ. ನಾನು ಹಿಂದಿನ ಕುರ್ಚಿಯಲ್ಲಿ ಬೆಚ್ಚಗೆ ಕೂತೆ.

ಕನ್ಫ್ಯೂಷಿಯಸ್ ಪಂಥದ ಮೊದಲ ಮೂವರು ದೊಡ್ಡವರಲ್ಲಿ ಕೊನೆಯವರ ಬಗ್ಗೆ ಆ ದಿನ ಹೇಳುತ್ತಿದ್ದರು. ಅವರ ಹೆಸರು ನನ್ನ ನಾಲಿಗೆಗೆ ಕಡೆಗೂ ಒಗ್ಗಲಿಲ್ಲ. ಹೇಗೆ ಹೇಳಿದರೂ ಟೀಚರಮ್ಮ ನಗುತ್ತಿದ್ದರು. ಹಾಗಾಗಿ ನನ್ನ ಪುಸ್ತಕದಲ್ಲಿ ಅವರು ಬರೀ ಚೀನಾದ ಮಾಸ್ತರರು. ರಾಜ್ಯ ರಾಜ್ಯಗಳು ಕಚ್ಚಾಡುತ್ತಿದ್ದ ಕಾಲ. ಅವರು ಹುಟ್ಟಿದ ರಾಜ್ಯದ ಸೈನಿಕರು ಒಂದು ಯುದ್ಧದಲ್ಲಿ ಶರಣಾದಾಗ ಗೆದ್ದವರು ಅವರನ್ನೆಲ್ಲ ಕೊಂದು ಹೂತರಂತೆ. ಅಂಥ ಕಾಲದಲ್ಲಿ ಇವರು ಪಕ್ಕದ ರಾಜ್ಯದ ದೊಡ್ಡ ವಿದ್ಯಾಪೀಠಕ್ಕೆ ಓದಲು ಹೋದರು. ಹದಿನೈದನೇ ವಯಸ್ಸಿಗೆ ಎಂದು ಕೆಲವರು, ಐವತ್ತಕ್ಕೆ ಎಂದು ಕೆಲವರು. ಅಲ್ಲಿ ಮೂರು ಸಲ ಎಲ್ಲ ವಿದ್ವಾಂಸರಿಗೂ ಹಿರಿಯರಾದರು. ಯಾರೋ ಚಾಡಿ ಹೇಳಿದರು. ದಕ್ಷಿಣಕ್ಕೆ ಹೋದರು. ಅಲ್ಲಿನ ಒಬ್ಬ ದೊರೆ ಒಂದು ಸಣ್ಣ ತಾಲೂಕಿನ ಅಧಿಕಾರ ಕೊಟ್ಟ. ಆ ದೊರೆಯನ್ನು ಅರಮನೆಯ ಬಾಗಿಲಲ್ಲೇ ಕಡಿದು ಹಾಕಿದರು. ಮಾಸ್ತರರ ಕೆಲಸವೂ ಹೋಯಿತು. ಅದೇ ಊರಲ್ಲಿ ಪಾಠ ಹೇಳುತ್ತ, ಬರೆಯುತ್ತ ತೀರಿಕೊಂಡರು.

ಇಷ್ಟು ರಕ್ತ ನೋಡಿದ ಮನುಷ್ಯ ಹೇಳಿದ್ದೇನು? ಅವರಿಗಿಂತ ಹಿಂದಿನವರೊಬ್ಬರು, ಮನುಷ್ಯ ಹುಟ್ಟುತ್ತ ಒಳ್ಳೆಯವನು ಎಂದಿದ್ದರು. ಈ ಮಾಸ್ತರರು ಅಲ್ಲ ಎಂದರು. ಮನುಷ್ಯ ಹುಟ್ಟುತ್ತ ಕೆಟ್ಟವನು, ಸಿಕ್ಕಿದ್ದನ್ನು ಬಾಚಿಕೊಳ್ಳುವವನು, ಒಳ್ಳೆಯತನ ಎಂಬುದು ಕಷ್ಟಪಟ್ಟು ಮಾಡಿಕೊಂಡದ್ದು. ಅದಕ್ಕೆ ಗುರು ಬೇಕು, ಆಚಾರ ಬೇಕು. ನೆಟ್ಟಗಿನ ಮರವನ್ನು ಬಗ್ಗಿಸಿ ಚಕ್ರ ಮಾಡಿದರೆ, ಬಿಸಿಲಲ್ಲಿ ಒಣಗಿದರೂ ಅದು ಮತ್ತೆ ನೆಟ್ಟಗಾಗುವುದಿಲ್ಲ. ಟೀಚರಮ್ಮ ಇದನ್ನು ಹೇಳುವಾಗ ನಾನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡೆ. ಈ ಊರಿನಲ್ಲಿ ಎಲ್ಲರೂ, ಟಿ.ವಿ.ಯವರು, ಶಾಲೆಯವರು, ಜಿ.ಪಿ.ಯವರು, ಮಕ್ಕಳು ಹೂವು ಎಂದು ನನಗೆ ಉಪದೇಶ ಮಾಡುತ್ತಿದ್ದರು. ಕಡೆಗೂ ನನ್ನ ಪಕ್ಷದವರೊಬ್ಬರು ಸಿಕ್ಕರು! ಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಂಡೆ: ಮರ. ಬಗ್ಗಿಸು. ಚಕ್ರ.

ಅವತ್ತಿನಿಂದ ನಮ್ಮ ಮನೆಯಲ್ಲಿ ಮಾಸ್ತರರ ರಾಜ್ಯ ಶುರುವಾಯಿತು. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆ. ಬೆಳಿಗ್ಗೆ ಎದ್ದು ತಂದೆತಾಯಿಗೆ ನಮಸ್ಕಾರ. ಊಟಕ್ಕೆ ಕೂತಾಗ ಕನ್ನಡದಲ್ಲೇ ಮಾತು. ಹಿರಿಯರು ಕರೆದರೆ ಒಂದೇ ಕೂಗಿಗೆ ಓಗೊಡುವುದು. ಮಮ್ ಅಲ್ಲ, ಅವ್ವ. ತಪ್ಪಿದ್ದಕ್ಕೆಲ್ಲ ಹಾಳೆಯ ಮೇಲೆ ಗೆರೆ. ಪ್ರತಿ ಸಂಜೆ ಊಟಕ್ಕೆ ಮೊದಲು ಗೆರೆಗೆ ಒಂದರಂತೆ ಅಂಗೈ ಮೇಲೆ ಲಟ್ಟಣಿಗೆಯ ಏಟು. ಅದರಲ್ಲಿ ಕೋಪವಿರಲಿಲ್ಲ. ಅದೇ ನನ್ನ ಹೆಮ್ಮೆ. ಮೊದಲು ನಾನು ಸಿಟ್ಟು ಬಂದಾಗ ಹೊಡೆಯುತ್ತಿದ್ದೆ. ಸಿಟ್ಟು ಇಳಿದರೆ ಕೈಯೂ ಇಳಿಯುತ್ತಿತ್ತು, ಆಮೇಲೆ ಅವಳನ್ನು ತಬ್ಬಿಕೊಂಡು ಅಳುವುದೂ ಇತ್ತು. ಈಗ ಅಳುವ ಪ್ರಶ್ನೆಯೇ ಇಲ್ಲ. ಕೋಪದ ಏಟಿಗೆ ಒಂದು ಕೊನೆಯಿತ್ತು, ತತ್ವದ ಏಟಿಗೆ ಇರಲಿಲ್ಲ.

ಅವಳು ಕೈ ಚಾಚುವುದನ್ನು ಕಲಿತಳು. ಕಣ್ಣು ಮುಚ್ಚದೆ ನಿಲ್ಲುವುದನ್ನೂ ಕಲಿತಳು. ಹನ್ನೊಂದನೇ ವಯಸ್ಸಿಗೆ ಅವಳ ಬಲ ಅಂಗೈ ಗಟ್ಟಿಯಾಗಿತ್ತು, ಬರೆಯುವಾಗ ಪೆನ್ನು ಜಾರುತ್ತದೆ ಎಂದು ಶಾಲೆಯಿಂದ ಚೀಟಿ ಬಂತು. ನಾನು ಎಡಗೈಗೆ ಬದಲಾಯಿಸಿದೆ. ಒಂದು ದಿನ ಗಂಡ ಹಾಲು ತರಲು ಹೋಗದೆ ಬಾಗಿಲಲ್ಲೇ ನಿಂತು, "ಸಾಕ ಬಿಡ. ಎಷ್ಟಂತ ಬಡೀತಿ ಆ ಕೂಸಿಗೆ?" ಎಂದ. ನಾನು, "ಬಡ್ಯಾಕತ್ತಿಲ್ಲರಿ, ಕಲಸಾಕತ್ತೀನಿ. ಬಡಿಯೋದಕ್ಕೂ ಕಲಸೋದಕ್ಕೂ ಫರಕ್ ಐತಿ" ಎಂದೆ. ಅವನು ಚಪ್ಪಲಿ ಹುಡುಕಿಕೊಂಡ.

ಅವಳಿಗೆ ಹದಿಮೂರು ತುಂಬಿತ್ತು. ಒಂದು ಭಾನುವಾರ ಮಧ್ಯಾಹ್ನ ಧಾರವಾಡದಿಂದ ನನ್ನ ಅತ್ತೆಯ ಫೋನು ಬಂತು. ಅಜ್ಜಿಯ ಜೊತೆ ಕನ್ನಡದಲ್ಲಿ ಐದು ನಿಮಿಷ ಮಾತಾಡಬೇಕು ಎಂಬುದು ಹಾಳೆಯಲ್ಲಿದ್ದ ನಿಯಮ. ಅವಳು "ಹಾಯ್ ಅಜ್ಜಿ, ಬೈ ಅಜ್ಜಿ" ಎಂದು ಫೋನನ್ನು ನನ್ನ ಕೈಗೆ ಕೊಟ್ಟಳು. ಫೋನ್ ಇಟ್ಟ ಮೇಲೆ ನಾನು ಅಡುಗೆಮನೆಗೆ ಹೋಗಿ ಲಟ್ಟಣಿಗೆ ತಂದೆ.

"ಕೈ ಚಾಚ."

ಅವಳು ಚಾಚಲಿಲ್ಲ. ಅದು ಮೊದಲ ಸಲ. ಇಂಗ್ಲಿಷಿನಲ್ಲಿ ತಣ್ಣಗೆ ಕೇಳಿದಳು, "ನಿನ್ನ ಆ ಚೀನಾದ ಮಾಸ್ತರನಿಗೆ ಮಕ್ಕಳಿದ್ದರಾ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ.

"ಇದ್ದಿದ್ದರೆ ಪುಸ್ತಕ ಆ ಮಕ್ಕಳು ಬರೆಯಬೇಕಿತ್ತು" ಎಂದಳು.

ಆಗ ಬಂದ ಸಿಟ್ಟನ್ನು ನಾನು ಇಲ್ಲಿ ಅಲಂಕಾರ ಮಾಡಿ ಹೇಳಲಾರೆ. ತತ್ವ, ಗೆರೆ, ಅಂಗೈ ಯಾವುದೂ ನೆನಪಿರಲಿಲ್ಲ. ಭುಜಕ್ಕೆ ಹೊಡೆದೆ. ಬೆನ್ನು ತಿರುಗಿಸಿದಾಗ ಬೆನ್ನಿಗೆ ಹೊಡೆದೆ. ಅವಳು ಸೋಫಾದ ಮೂಲೆಗೆ ಸರಿದಳು, ಅಲ್ಲಿಗೂ ಹೋದೆ. ಲಟ್ಟಣಿಗೆಯನ್ನು ತಲೆಯ ಕಡೆಗೇ ಬೀಸಿದ್ದೆ ಎಂದು ನನಗೆ ಗೊತ್ತಿದೆ. ತಲೆಗೆ ಬೀಳದಿದ್ದದ್ದು ಅವಳು ಎಡಗೈ ಅಡ್ಡ ಹಿಡಿದದ್ದರಿಂದ. ಎಳೆ ಬೆಂಡೆಕಾಯಿಯ ತುದಿ ಮುರಿದಂಥ ಒಂದು ಸಣ್ಣ ಸದ್ದು ಬಂತು. ಅವಳು ಕಿರುಚಲಿಲ್ಲ. ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದ ತನ್ನ ಕೈಯನ್ನು ಬೇರೆಯವರದೆಂಬಂತೆ ನೋಡಿದಳು, ಆಮೇಲೆ ಅಲ್ಲೇ ವಾಂತಿ ಮಾಡಿಕೊಂಡಳು. ಹಾಲಿನ ಬಾಟಲಿ ಹಿಡಿದು ಒಳಗೆ ಬಂದ ಗಂಡ ನನ್ನನ್ನು ಬೈಯಲಿಲ್ಲ. "ಕಾರಿನ ಕೀಲಿ ಎಲ್ಲದ?" ಎಂದಷ್ಟೇ ಕೇಳಿದ.

ಕಾರಿನಲ್ಲಿ ನಾನು ಹಿಂದೆ ತಿರುಗಿ, "ಈಜೋ ಜಾಗಾದಾಗ ಜಾರಿ ಬಿದ್ದೆ ಅಂತ ಹೇಳವಾ" ಎಂದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಚಿಕ್ಕ ವಯಸ್ಸಿನ ಡಾಕ್ಟರೊಬ್ಬಳು ಎಕ್ಸ್‌ರೇ ನೋಡಿ, ಬೆನ್ನಿನ ಮೇಲಿನ ಗುರುತು ನೋಡಿ, ನನ್ನನ್ನು ಪಕ್ಕಕ್ಕೆ ಕರೆದಳು. ಮನೆಯಲ್ಲಿ ಯಾರಾದರೂ ಹೊಡೆದರೇ ಎಂದು ಕೇಳಿದಳು. ಸುಳ್ಳು ಬಾಯಿಯಲ್ಲೇ ಸಿದ್ಧವಿತ್ತು. ಆದರೆ ನನ್ನ ಮಗಳ ವಯಸ್ಸಿಗಿಂತ ಹತ್ತು ವರ್ಷ ದೊಡ್ಡವಳಿರಬಹುದಾದ ಆ ಹುಡುಗಿ ನನ್ನನ್ನು ಹಾಗೆ ಕೇಳಿದ್ದಕ್ಕೆ ನನ್ನ ಪಿತ್ತ ನೆತ್ತಿಗೇರಿತು.

"ಹೊಡೆಯಲಿಲ್ಲ" ಎಂದೆ ಇಂಗ್ಲಿಷಿನಲ್ಲಿ. "ಕಲಿಸುತ್ತಿದ್ದೆ."

"ಏನನ್ನು?" ಎಂದಳು.

ವ್ಯಂಗ್ಯವಾಗಿ ಕೇಳಲಿಲ್ಲ ಅವಳು. ನಿಜವಾಗಿ ಗೊತ್ತಾಗದೆ ಕೇಳಿದಳು. ಇಂಗ್ಲಿಷಿನಲ್ಲಿ ಕಲಿಸುವುದೆಂದರೆ ಏನನ್ನಾದರೂ ಕಲಿಸಬೇಕು, ಗಣಿತವನ್ನೋ ಈಜುವುದನ್ನೋ. ನಾನು ಬಾಯಿ ತೆರೆದೆ. ಎರಡು ಭಾಷೆಯಲ್ಲಿ ಅನ್ನ ಸಂಪಾದಿಸುವ ನನಗೆ ಎರಡರಲ್ಲೂ ಒಂದು ಪದ ಸಿಗಲಿಲ್ಲ. ಅವಳು ಫೋನ್ ಮಾಡಲು ಹೋದಳು.

ಮಗಳು ಮನೆಯಲ್ಲಿರಬೇಕಾದರೆ ನಾನು ಹೊರಗಿರಬೇಕು ಎಂದು ಮಕ್ಕಳ ರಕ್ಷಣೆ ನೋಡುವ ಕೌನ್ಸಿಲ್‌ನವರು ತೀರ್ಮಾನಿಸಿದರು. ಕೊಲಿಂಡೇಲ್‌ನಲ್ಲಿ ಒಂದು ಕೋಣೆ ಹಿಡಿದೆ. ದುಭಾಷಿಗಳ ಪಟ್ಟಿಯಿಂದ ನನ್ನ ಹೆಸರು ತೆಗೆದರು. ಮಗಳನ್ನು ವಾರಕ್ಕೊಮ್ಮೆ, ಕೌನ್ಸಿಲ್‌ನ ಒಂದು ಕೋಣೆಯಲ್ಲಿ, ಅಧಿಕಾರಿಯೊಬ್ಬರ ಎದುರಿಗೆ ಒಂದು ಗಂಟೆ ನೋಡಬಹುದು. ನಾಲ್ಕು ತಿಂಗಳ ನಂತರ ಸಭೆ ಕರೆದು, ನಾನು ಮನೆಗೆ ಮರಳಬಹುದೋ ಇಲ್ಲವೋ ಎಂದು ಅವಳನ್ನೇ ಕೇಳುತ್ತಾರೆ. ನನಗೆ ಬೇಕಾದದ್ದು ಅದೊಂದೇ. ಅವಳು ಹೂಂ ಅನ್ನಬೇಕು.

ಮೊದಲ ವಾರಗಳಲ್ಲಿ ನನಗೆ ಪಶ್ಚಾತ್ತಾಪವೇನೂ ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಈ ದೇಶದ ಮೇಲೆ ಸಿಟ್ಟು ಬಂತು. ಆ ಡಾಕ್ಟರ ಮೇಲೆ, ಬಾಯಿ ಬಿಡದ ಗಂಡನ ಮೇಲೆ ಸಿಟ್ಟು ಬಂತು. ತಟ್ಟೆ ಎತ್ತಿ ಗೋಡೆಗೆ ಹೊಡೆದೆ. ತಟ್ಟೆಗಳು ಮುಗಿದ ಮೇಲೆ ಕೈಯಿಂದಲೇ ಗುದ್ದಿದೆ. ಬೆರಳ ಗೆಣ್ಣುಗಳು ಒಡೆದವು. ಪಕ್ಕದ ಕೋಣೆಯ ಬೆಂಗಳೂರಿನ ಸಾಫ್ಟ್‌ವೇರ್ ದಂಪತಿ ಬಾಗಿಲು ತಟ್ಟಿ, "ಆಂಟಿ, ಹುಷಾರಾಗಿದೀರಾ? ಏನಾದ್ರೂ ಬೇಕಾ?" ಎಂದು ಕೇಳಿದರು. ಗೋಡೆಗೆ ಮೊಳೆ ಹೊಡೆಯುತ್ತಿದ್ದೇನೆ ಎಂದೆ.

ಈಗ ಈಜಿಗೆ ಬಿಡಲು ಮಗಳಿರಲಿಲ್ಲ. ಆದರೂ ಶನಿವಾರ ಬೆಳಿಗ್ಗೆ ಲೈಬ್ರರಿಗೆ ಹೋದೆ, ಬೇರೆಲ್ಲಿಗೆ ಹೋಗಲಿ. ಟೀಚರಮ್ಮ ಮತ್ತೆ ಅದೇ ಮಾಸ್ತರರ ಪಾಠಕ್ಕೆ ಬಂದಿದ್ದರು. ಮಾಸ್ತರರಿಗೆ ಇಬ್ಬರು ಪ್ರಸಿದ್ಧ ಶಿಷ್ಯರಿದ್ದರಂತೆ. ಒಬ್ಬನಿಗೆ ಮಾತು ತೊದಲು, ಬರವಣಿಗೆ ಮಾತ್ರ ಕತ್ತಿ. ಇನ್ನೊಬ್ಬ ಚತುರ, ಒಬ್ಬ ಬಲಿಷ್ಠ ರಾಜನ ಮಂತ್ರಿಯಾದ. ಮನುಷ್ಯ ಕೆಟ್ಟವನು ಎಂಬ ಗುರುವಿನ ಮಾತನ್ನು ಇಬ್ಬರೂ ಎತ್ತಿಕೊಂಡರು. ಆಚಾರ, ಸಂಗೀತ, ಓದು ಎಂಬ ಗುರುವಿನ ಔಷಧಿಯನ್ನು ಬಿಟ್ಟರು. ಅದರ ಜಾಗದಲ್ಲಿ ದಂಡನೆಯನ್ನು ಇಟ್ಟರು. ಮಂತ್ರಿಯಾದವನು ತೊದಲು ಮಾತಿನ ಸಹಪಾಠಿಯನ್ನು ಸೆರೆಗೆ ಹಾಕಿಸಿ ವಿಷ ಕಳಿಸಿದ. ಆ ರಾಜ್ಯ ಪುಸ್ತಕಗಳನ್ನು ಸುಟ್ಟಿತು, ಓದಿದವರನ್ನು ಜೀವಂತ ಹೂತಿತು ಎಂದು ಹಳಬರು ಬರೆದಿದ್ದಾರೆ. ಕೊನೆಗೆ ಆ ಮಂತ್ರಿಯನ್ನೇ ಸಂತೆಯಲ್ಲಿ ನಿಲ್ಲಿಸಿ ಸೊಂಟಕ್ಕೆ ಎರಡು ತುಂಡು ಮಾಡಿದರು. ತಮ್ಮ ಶಿಷ್ಯ ಮಂತ್ರಿಯಾದ ಎಂದು ಕೇಳಿದ ದಿನ ಮಾಸ್ತರರು ಊಟ ಬಿಟ್ಟರು ಎಂದು ಒಂದು ಕಥೆಯಿದೆ. ನಿಜವೋ ಸುಳ್ಳೋ ಗೊತ್ತಿಲ್ಲ ಎಂದರು ಟೀಚರಮ್ಮ.

ಹಿಂದಿನ ಕುರ್ಚಿಯಿಂದ ನಾನು ಜೋರಾಗಿಯೇ ಕೇಳಿದೆ: "ತಪ್ಪು ಅವರದೇ ಅಲ್ಲವೇ? ಮರವನ್ನು ಬಗ್ಗಿಸಿ ಎಂದದ್ದು ಅವರೇ."

ಟೀಚರಮ್ಮ ನನ್ನ ಒಡೆದ ಗೆಣ್ಣುಗಳನ್ನು ನೋಡಿದರು. "ಹಬೆಯಲ್ಲಿಟ್ಟು ಎಂದಿದ್ದರು" ಎಂದರು. "ಒಣ ಮರವನ್ನು ಬಗ್ಗಿಸಿದರೆ ಮುರಿಯುತ್ತದೆ. ಅದು ಬಡಗಿಗಳಿಗೆಲ್ಲ ಗೊತ್ತು, ಅದಕ್ಕೇ ಹಬೆ ಯಾಕೆ ಎಂದು ಅವರು ಬಿಡಿಸಿ ಹೇಳಲಿಲ್ಲ. ನಾನೂ ಅವತ್ತು ಹಬೆ ಎಂದೇ ಹೇಳಿದ್ದೆ."

ನನ್ನ ಪುಸ್ತಕ ತೆಗೆದು ನೋಡಿದೆ. ಮರ. ಬಗ್ಗಿಸು. ಚಕ್ರ. ವಾರಕ್ಕೊಮ್ಮೆ ಇಡ್ಲಿ ಬೇಯಿಸುವ ಹೆಂಗಸು ಹಬೆಯನ್ನೇ ಬಿಟ್ಟು ಬರೆದುಕೊಂಡಿದ್ದೆ. ಕೂಡಿಸದ, ಕಳೆಯದ ದುಭಾಷಿ! ಅಲ್ಲೇ, ಆ ಮುದುಕರ ನಡುವೆ, ನನಗೆ ಅಳು ಒತ್ತಿ ಬಂತು. ಯಾರೋ ಒಬ್ಬ ಅಜ್ಜ ತನ್ನ ಕರವಸ್ತ್ರ ಕೊಟ್ಟ, ಅದರಲ್ಲಿ ಕೆಮ್ಮಿನ ಔಷಧದ ವಾಸನೆ ಬರುತ್ತಿತ್ತು.

ಮುಂದಿನ ವಾರಗಳಲ್ಲಿ ಟೀಚರಮ್ಮ, ಮಾಸ್ತರರು ಹೆಸರುಗಳ ಬಗ್ಗೆ ಬರೆದದ್ದನ್ನು ಓದಿದರು. ಯಾವ ವಸ್ತುವಿಗೂ ಹುಟ್ಟಿನಿಂದ ಹೆಸರಿಲ್ಲ, ಜನ ಒಪ್ಪಿ ಇಟ್ಟದ್ದೇ ಹೆಸರು. ಆದರೆ ಒಪ್ಪಿದ ಮೇಲೆ ಅದನ್ನು ತಿರುಚಿ, ಒಂದನ್ನು ಇನ್ನೊಂದರ ಹೆಸರಿನಿಂದ ಕರೆದು ಜನರ ಕಣ್ಣಿಗೆ ಮಣ್ಣೆರಚುವವನ ಅಪರಾಧ ಸೇರು ಪಾವುಗಳನ್ನು ಸುಳ್ಳು ಮಾಡುವವನ ಅಪರಾಧಕ್ಕೆ ಸಮ. ಅದನ್ನು ಕೇಳಿದಾಗ ನನಗೆ ಮಗಳಿಗಿಂತ ಮೊದಲು ಆ ಕಲಬುರಗಿಯವನ ಮಗಳು ನೆನಪಾದಳು. ಎರಡು ಜಡೆ ಹಾಕಿಕೊಂಡು ಅಪ್ಪನ ಹಿಂದೆ ಬಾಗಿಲು ದಾಟಿ ಹೋದವಳು. ನನ್ನ ಒಂದೇ ಒಂದು ಪದ ಅವಳನ್ನು ಆ ಮನೆಗೆ ವಾಪಸ್ ಕಳಿಸಿತ್ತು. ನಾನು ಆ ಹುಡುಗಿಯ ಶಾಲೆಯವರಿಗೆ ಪತ್ರ ಬರೆದು, ಅವತ್ತು ಹೇಳಿದ್ದು ತಪ್ಪು ಎಂದು ತಿಳಿಸಿದೆ. ಉತ್ತರ ಬರಲಿಲ್ಲ.

ಸಭೆಯ ದಿನ ಬಂತು. ಉದ್ದನೆಯ ಮೇಜು, ಪ್ಲಾಸ್ಟಿಕ್ ಲೋಟದಲ್ಲಿ ನೀರು. ಅಧಿಕಾರಿ ನಡುವಯಸ್ಸಿನ ಸಮಾಧಾನದ ಮನುಷ್ಯ. ನನ್ನ ಎದುರಿಗೆ ಮಗಳು, ಅವಳ ಪಕ್ಕದಲ್ಲಿ ಗಂಡ. ಕೈಯ ಪ್ಲಾಸ್ಟರ್ ತೆಗೆದಿದ್ದರು. ಮಣಿಕಟ್ಟಿನ ಒಂದು ಬದಿ ಸ್ವಲ್ಪ ಉಬ್ಬಿಕೊಂಡಿತ್ತು, ಅವಳು ಅದನ್ನು ತೋಳಿನೊಳಗೆ ಎಳೆದುಕೊಂಡಿದ್ದಳು. ನಾನು ಒಳ್ಳೆಯ ಸೀರೆ ಉಟ್ಟುಕೊಂಡು ಹೋಗಿದ್ದೆ. ಹೊರಡುವಾಗ ಕೋಣೆಯ ಸಾಮಾನನ್ನೆಲ್ಲ ಚೀಲಕ್ಕೆ ತುಂಬಿಟ್ಟು ಬಂದಿದ್ದೆ, ಅಷ್ಟು ಆಸೆ.

ಅಧಿಕಾರಿ ಮಗಳನ್ನು ಕೇಳಿದರು: "ಅಮ್ಮ ಮನೆಗೆ ಬರುವುದರ ಬಗ್ಗೆ ನಿನಗೆ ಏನನ್ನಿಸುತ್ತದೆ? ಅವಸರವಿಲ್ಲ."

ಅವಳು ಅವರ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತ ಕನ್ನಡದಲ್ಲಿ ಮಾತಾಡಿದಳು. ಅಷ್ಟು ಏಟು ತಿಂದೂ ಒಂದು ಸಲವೂ ಎರಡು ವಾಕ್ಯ ಕೂಡಿಸಿ ಕನ್ನಡ ಆಡದವಳು, ನಿಂತು ನಿಂತು, ಪದ ಹುಡುಕಿ ಹುಡುಕಿ, ನನ್ನದೇ ಧಾರವಾಡದ ಕನ್ನಡದಲ್ಲಿ ಹೇಳಿದಳು:

"ಅವ್ವ ನನ್ನ ದಿನಾ ಬಡೀತಿದ್ಲು. ಬಾಗಲಾ ಸಪ್ಪಳಾದ್ರ ಈಗೂ ನಾ ಕೈ ಮುಚ್ಕೋತೀನಿ. ಆಕಿ ಇಲ್ಲದಾಗ ನಂಗ ಛಲೋ ನಿದ್ದಿ ಬರ್ತದ. ನಂಗ ಆಕಿ ನೆನಪಾಗ್ತಾಳ. ಆದ್ರ ಆಕಿ ಬರೋದು ಬ್ಯಾ‌ಡ."

ಅಧಿಕಾರಿ ತಲೆ ಎತ್ತಿ ನಮ್ಮೆಲ್ಲರನ್ನೂ ನೋಡಿದರು. ಏನು ಹೇಳಿದಳು?

ಗಂಡನೇ ಬಾಯಿ ಹಾಕಿದ. "ಅವಳಿಗೆ ಇನ್ನೂ ಸ್ವಲ್ಪ ಸಮಯ ಬೇಕಂತೆ" ಎಂದ ಇಂಗ್ಲಿಷಿನಲ್ಲಿ. ಪಾಪ, ಅಲ್ಲೂ ಅವನು ಹಾಲು ತರಲು ಹೊರಟಿದ್ದ. ಮಗಳು ಅವನ ತೋಳಿನ ಮೇಲೆ ಕೈಯಿಟ್ಟಳು. "ನೀನಲ್ಲ ಅಪ್ಪಾ" ಎಂದಳು. ಆಮೇಲೆ ಅಧಿಕಾರಿಗೆ ಇಂಗ್ಲಿಷಿನಲ್ಲಿ, "ಅವಳು ಹೇಳಲಿ. ಅದೇ ಅವಳ ಕೆಲಸ" ಎಂದಳು.

ನಾನು ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಸಮಯ ಬೇಕು ಎಂದು ಬರೆದುಕೊಂಡರೆ ಎರಡು ತಿಂಗಳಿಗೆ ಇನ್ನೊಂದು ಸಭೆ, ಅಲ್ಲಿ ಅವಳ ಮನಸ್ಸು ಕರಗಲೂಬಹುದು. ಗಂಡ ಕಣ್ಣಿನಲ್ಲೇ ನನ್ನನ್ನು ಬೇಡುತ್ತಿದ್ದ. ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ. ಕೆಲಸದ ನಿಯಮದಂತೆ, ನಾನೇ ಅವಳೆಂಬಂತೆ, ಇಂಗ್ಲಿಷಿನಲ್ಲಿ ಹೇಳಿದೆ. ನನ್ನ ತಾಯಿ ನನ್ನನ್ನು ಹೊಡೆಯುತ್ತಿದ್ದಳು. ಬಾಗಿಲು ಸದ್ದಾದರೆ ನಾನು ಈಗಲೂ ಕೈಗಳನ್ನು ಮುಚ್ಚಿಕೊಳ್ಳುತ್ತೇನೆ. ಅವಳಿಲ್ಲದಾಗ ನನಗೆ ಒಳ್ಳೆಯ ನಿದ್ದೆ ಬರುತ್ತದೆ. ಅವಳು ನನಗೆ ನೆನಪಾಗುತ್ತಾಳೆ. ಆದರೆ ಅವಳು ಬರುವುದು ಬೇಡ. "ಹೊಡೆಯುತ್ತಿದ್ದಳು" ಎಂಬ ಪದವನ್ನು ನಾನೇ ಬಾಯಿಬಿಟ್ಟು ಹೇಳಿದೆ. ಅದನ್ನು ಅದರ ಹೆಸರಿನಿಂದಲೇ ಕರೆದಿದ್ದೆ. ಜೀವಮಾನದಲ್ಲಿ ಮೊದಲ ಸಲ ಪೂರ್ತಿ ನಿಜ ಹೇಳಿದೆ ಎಂದುಕೊಂಡು ಮಗಳ ಮುಖ ನೋಡಿದೆ.

ಅವಳು ತಲೆ ಅಲ್ಲಾಡಿಸುತ್ತಿದ್ದಳು, ಇಲ್ಲ ಎಂದು.

"ಒಂದ್ ಶಬ್ದ ಬಿಟ್ಟಿ" ಎಂದಳು.

ನಾನು ಹಿಂದಕ್ಕೆ ಹೋಗಿ ಅವಳ ಮಾತನ್ನು ಒಂದೊಂದಾಗಿ ನೆನಪು ಮಾಡಿಕೊಂಡೆ. ಅಧಿಕಾರಿ ಪೆನ್ನು ಎತ್ತಿ ಹಿಡಿದಿದ್ದರು. ಆ ಶಬ್ದ ಸಿಕ್ಕಿತು. ನಾನು ಅದನ್ನು ಬೇಕೆಂದು ಬಿಟ್ಟಿರಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ನನ್ನ ಕಿವಿಗೆ ಅದು ಬಿದ್ದಿರಲೇ ಇಲ್ಲ.

"ದಿನಾ" ಎಂದೆ ಇಂಗ್ಲಿಷಿನಲ್ಲಿ. "ನನ್ನ ತಾಯಿ ನನ್ನನ್ನು ದಿನಾ ಹೊಡೆಯುತ್ತಿದ್ದಳು."

ಅಧಿಕಾರಿ ಬರೆದುಕೊಂಡರು.